ಎರಡನೆಯ ಸಹಿ

ಸರ್ ಒಂದು ರಿಪೋರ್ಟಿಗೆ ಸಹಿ ಹಾಕುವ ಮೊದಲು, ಅದನ್ನು ಯಾರ ಬಗ್ಗೆ ಬರೆದಿದ್ದರೋ ಅವರಿಗೇ ಓದಿ ಹೇಳುತ್ತಿದ್ದರು. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ನಿಧಾನವಾಗಿ. ನಡುನಡುವೆ ತಲೆ ಎತ್ತಿ, "ನಿಮ್ಮ ಬಗ್ಗೆ ಹಿಂಗ್ ಬರ್ದಿದೀನಿ. ಸರಿ ಇಲ್ಲ ಅನ್ಸಿದ್ರೆ ಈಗ್ಲೇ ಜಗಳ ಆಡ್ಬಿಡಿ" ಅನ್ನುತ್ತಿದ್ದರು. ಕೆಲವರು ನಿಜವಾಗಿಯೂ ಜಗಳ ಆಡುತ್ತಿದ್ದರು. ಒಬ್ಬ ಆಟೋ ಡ್ರೈವರು, "ನಂಗೆ ಕೋಪ ಜಾಸ್ತಿ ಅಂತ ಬರ್ದಿದೀರಲ್ಲ, ಯಾವನ್ರೀ ಹೇಳಿದ್ದು ನಿಮಗೆ" ಎಂದು ಮೇಜು ಗುದ್ದಿದ. ಸರ್ ಮೇಜಿನ ಮೇಲಿಂದ ಉರುಳಿದ ಪೆನ್ನನ್ನು ಎತ್ತಿಕೊಂಡು, "ಈಗ ನೀವೇ ಹೇಳಿದ್ರಿ" ಎಂದರು. ಆತ ನಕ್ಕುಬಿಟ್ಟ.

ಓದಿ ಮುಗಿದ ಮೇಲೆ ಅವರ ಎದುರಿನಲ್ಲೇ ಸಹಿ. ಕನ್ನಡದಲ್ಲಿ, ಪ್ರತಿ ಅಕ್ಷರ ಬಿಡಿಸಿ, ಪ್ರೈಮರಿ ಶಾಲೆಯ ಹುಡುಗ ಕಾಪಿ ಬರೆದ ಹಾಗೆ. ಆ ಸಹಿಗೆ ಹಾಳೆಯಲ್ಲಿ ಜಾಗವೇ ಇರಲಿಲ್ಲ ಎಂಬುದು ಬೇರೆ ಮಾತು. ನಮ್ಮ ಆಸ್ಪತ್ರೆಯ ನಮೂನೆಯಲ್ಲಿ ಕೆಳಗಡೆ ಒಂದೇ ಒಂದು ಗೆರೆ ಇತ್ತು, ಅದರ ಕೆಳಗೆ 'ಮನೋವೈದ್ಯರು' ಎಂದು ಅಚ್ಚಾಗಿತ್ತು. ಸರ್ ಎಡಗಡೆಯ ಖಾಲಿ ಅಂಚಿನಲ್ಲಿ ತಮ್ಮ ಹೆಸರು ಬರೆಯುತ್ತಿದ್ದರು.

ಓದುವವರಿಗೆ ಇದು ಗೊಂದಲವಾಗಬಾರದು, ಬಿಡಿಸಿ ಹೇಳುತ್ತೇನೆ. ಮನೋವೈದ್ಯರು ವೈದ್ಯಕೀಯ ಓದಿದವರು, ಔಷಧಿ ಬರೆಯುತ್ತಾರೆ. ನಾವು ಮನಶ್ಶಾಸ್ತ್ರಜ್ಞರು. ಔಷಧಿ ನಮ್ಮದಲ್ಲ. ಮಾತಾಡಿಸುವುದು, ಪರೀಕ್ಷೆಗಳನ್ನು ಮಾಡಿ ನೆನಪು, ಬುದ್ಧಿ, ಮನಸ್ಸಿನ ಸ್ಥಿತಿ ಹೇಗಿದೆ ಎಂದು ನೋಡುವುದು, ವಾರಗಟ್ಟಲೆ ಕೂತು ಒಬ್ಬರನ್ನು ಕಷ್ಟದಿಂದ ಈಚೆಗೆ ತರುವುದು ನಮ್ಮ ಕೆಲಸ. ಅದಕ್ಕೆ ನಮಗೂ ಸರ್ಕಾರದ ನೋಂದಣಿ ಇದೆ. ಆದರೂ ನಮ್ಮ ಆಸ್ಪತ್ರೆಯಲ್ಲಿ ರೋಗಿ ನೇರವಾಗಿ ನಮ್ಮ ಬಳಿ ಬರುವಂತಿರಲಿಲ್ಲ, ಮೊದಲು ಡಾಕ್ಟರ ಚೀಟಿ ಬೇಕು. ನಾವು ಬರೆದ ರಿಪೋರ್ಟು ನಮ್ಮ ಹೆಸರಿನಲ್ಲಿ ಹೊರಗೆ ಹೋಗುವಂತಿರಲಿಲ್ಲ, ಡಾಕ್ಟರ ಸಹಿ ಬೇಕು. ಈ ಎರಡು 'ಬೇಕು'ಗಳನ್ನು ತೆಗೆಸುವುದೇ ಸರ್ ಅವರ ಇಡೀ ಸರ್ವಿಸಿನ ಹೋರಾಟ.

ಹೋದ ತಿಂಗಳು ಅವರು ತೀರಿಕೊಂಡರು. ಆಸ್ಪತ್ರೆಯಲ್ಲಿ ಒಂದು ಸಂತಾಪ ಸಭೆ ಮಾಡಿದರು. ನನಗೂ ಮಾತಾಡಲು ಹೇಳಿದ್ದರು. ಮೈಕಿನ ಹತ್ತಿರ ಹೋಗಿ, ಅವರು ಬಹಳ ಒಳ್ಳೆಯ ಗುರುಗಳು ಎಂದಷ್ಟೇ ಹೇಳಿ ಬಂದು ಕೂತೆ. ಅಷ್ಟು ಮಾತನ್ನು ಅವರನ್ನು ನೋಡದೇ ಇದ್ದವರೂ ಹೇಳಬಹುದಿತ್ತು.

ನಾನು ಸಿಂಗಾಪುರದವಳು. ವಿದ್ಯಾರಣ್ಯಪುರದ ಪಕ್ಕದ ಆ ಊರು ಈಗ ಊರಲ್ಲ, ಲೇಔಟು. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ನಾನೇ ಮೊದಲು. ಹೆಬ್ಬಾಳದ ಒಂದು ಝೆರಾಕ್ಸ್ ಅಂಗಡಿಯಲ್ಲಿ ನಿಂತು ಬೇರೆಯವರ ನೋಟ್ಸಿನ ಪ್ರತಿ ತೆಗೆದುಕೊಡುತ್ತಾ, ಅದರಲ್ಲೇ ನನಗೊಂದು ಪ್ರತಿ ತೆಗೆದುಕೊಂಡು ಡಿಗ್ರಿ ಮುಗಿಸಿದವಳು. ಆಮೇಲೆ ಎಂ.ಎ., ಆಮೇಲೆ ಎಂ.ಫಿಲ್. ಯಾರ ಶಿಫಾರಸೂ ಇಲ್ಲದೆ ಯಲಹಂಕದ ಈ ಟ್ರಸ್ಟ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಇಂಟರ್‌ವ್ಯೂ ಮಾಡಿದವರು ಸರ್. ಫೈಲು ತೆರೆಯಲೇ ಇಲ್ಲ. "ಮನೇಲಿ ಏನಂತ ಹೇಳಿದೀಯಮ್ಮ, ಏನ್ ಓದಿದೀನಿ ಅಂತ?" ಎಂದು ಕೇಳಿದರು.

"ಅಮ್ಮ ಎಲ್ಲರಿಗೂ ಡಾಕ್ಟ್ರು ಅಂತ ಹೇಳ್ಕೊಂಡು ಬರ್ತಾರೆ ಸರ್."

"ನೀನೇನ್ ಹೇಳ್ತೀಯ?"

"ಸುಮ್ನಿರ್ತೀನಿ."

"ಸುಮ್ನಿರಬೇಡ. ಡಾಕ್ಟ್ರು ಅನ್ನಿಸ್ಕೊಂಡ್ರೆ ಅರ್ಧ ಡಾಕ್ಟ್ರಾಗೇ ಉಳಿದುಬಿಡ್ತೀಯ. ನೀನು ಪೂರ್ತಿ ಸೈಕಾಲಜಿಸ್ಟು. ಅದನ್ನ ಹೇಳು."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ರೊಟ್ಟಿ ತಟ್ಟುತ್ತಾ, "ಅದೇನೋ ಸೈಕಲ್ ಪೈಕಲ್ ಅಂದ್ರೆ ಯಾರಿಗ್ ತಿಳಿತದೆ? ಡಾಕ್ಟ್ರು ಅಂದ್ರೆ ನಿನ್ ಗಂಟೇನ್ ಓಯ್ತದೆ?" ಎಂದಳು. ನಾನು ಮತ್ತೆ ಸುಮ್ಮನಾದೆ.

ಸರ್ ಅವರದು ಆರ್.ಟಿ. ನಗರದಲ್ಲಿ ಮನೆ. ಬಸ್ಸಿನಲ್ಲಿ ಬರುತ್ತಿದ್ದರು. ಬೇಸಿಗೆಯಲ್ಲೂ ತುಂಬುತೋಳಿನ ಶರ್ಟು, ಎಡಗೈಯಲ್ಲಿ ಒಂದು ಬಟ್ಟೆಯ ಚೀಲ, ಅದರಲ್ಲಿ ಮಧ್ಯಾಹ್ನದ ಮೊಸರನ್ನದ ಡಬ್ಬಿ. ಯಾವುದಾದರೂ ಕಚೇರಿಯಲ್ಲಿ ಕಾಯಿಸಿದರೆ ಆ ಡಬ್ಬಿಯನ್ನು ಅಲ್ಲೇ ಬೆಂಚಿನ ಮೇಲೆ ಬಿಚ್ಚಿ ಊಟ ಮಾಡಿ, ಮತ್ತೆ ಕಾಯುತ್ತಿದ್ದರು. ಒಮ್ಮೆ ಆರೋಗ್ಯ ಇಲಾಖೆಯ ಕಚೇರಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಸಾಹೇಬರು ಸಿಗಲಿಲ್ಲ. ನನಗೆ ಆ ಕಾರಿಡಾರಿನಲ್ಲಿ ಓಡಾಡುವವರೆಲ್ಲ ನಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸಿ ಮೈ ಹಿಡಿಯಾಯಿತು. ಸರ್ ಡಬ್ಬಿಯ ಮುಚ್ಚಳದಲ್ಲಿ ನನಗೂ ಅನ್ನ ಹಾಕಿ ಮುಂದೆ ಹಿಡಿದರು. ನನಗೆ ಬೇಡವಾಗಿತ್ತು. "ಕೇಳೋಕೆ ಬಂದಿದೀವಿ ಕಣಮ್ಮ, ಕದಿಯೋಕಲ್ಲ. ಉಣ್ಣು" ಎಂದರು.

ಆಸ್ಪತ್ರೆಯಲ್ಲೂ ಹಾಗೆಯೇ. ತಿಂಗಳ ಮೀಟಿಂಗಿನಲ್ಲಿ ಕೊನೆಗೆ ಎದ್ದು ನಿಲ್ಲುತ್ತಿದ್ದರು, ಅದೇ ಎರಡು ವಿಷಯ ಹೇಳುತ್ತಿದ್ದರು. ನಮ್ಮ ಮನೋವೈದ್ಯರು ಕೆಟ್ಟವರಲ್ಲ, ನಗುಮುಖದ ಮನುಷ್ಯ, ಕೈತುಂಬಾ ಕೆಲಸ. ಅವರು ದೂರದಿಂದಲೇ ತಮಾಷೆ ಮಾಡುತ್ತಿದ್ದರು: "ಏನ್ ಸಾರ್, ಇವತ್ತು ಯಾವ ಹಕ್ಕು?"

"ಹೋದ ತಿಂಗಳದ್ದೇ ಸಾರ್. ನೀವಿನ್ನೂ ಕೊಟ್ಟಿಲ್ಲವಲ್ಲ."

ಎಲ್ಲರೂ ನಗುತ್ತಿದ್ದರು. ಸರ್ ಕೂಡ ನಗುತ್ತಿದ್ದರು. ನಾವು, ಅವರ ಕೈಕೆಳಗಿನ ಸೈಕಾಲಜಿಸ್ಟುಗಳು, ತಲೆ ಬಗ್ಗಿಸಿಕೊಂಡು ಫೋನು ನೋಡುತ್ತಿದ್ದೆವು. ನಮ್ಮ ಪರವಾಗಿ ಒಬ್ಬರು ಹಾಗೆ ನಿಂತು ಕೇಳುವುದು ನಮಗೆ ಮುಜುಗರ.

ಚೀಟಿಯ ವಿಷಯ ಅವರಿಗೆ ಯಾಕಷ್ಟು ಮುಖ್ಯವಾಗಿತ್ತು ಎಂದು ನನಗೆ ತಿಳಿದದ್ದು ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ. ಚೀಟಿಗಾಗಿ ಮನೋರೋಗ ವಿಭಾಗದ ಬೆಂಚಿನ ಮೇಲೆ ಕೂರಬೇಕು. ಆ ಬೆಂಚು ಗೇಟಿನಿಂದ ಕಾಣುತ್ತದೆ. ನಮ್ಮಲ್ಲಿಗೆ ಬರುವವರು ಅಟ್ಟೂರು, ಪುಟ್ಟೇನಹಳ್ಳಿ, ಸಿಂಗಾಪುರದ ಕಡೆಯವರು. ಜಮೀನು ಹೋದರೂ ನೆಂಟಸ್ತನ ಹೋಗಿಲ್ಲ, ಒಬ್ಬರಿಗೊಬ್ಬರು ಗೊತ್ತು. ಗೇಟಿನ ತನಕ ಬಂದು, ಬೆಂಚಿನ ಮೇಲೆ ಯಾರಾದರೂ ಪರಿಚಯದವರು ಇರಬಹುದೇ ಎಂದು ಇಣುಕಿ, ಟೀ ಅಂಗಡಿಯಲ್ಲಿ ಒಂದು ಟೀ ಕುಡಿದು ವಾಪಸ್ಸು ಹೋಗುತ್ತಿದ್ದರು. ಸರ್ ಹತ್ತು ಗಂಟೆಯ ಹೊತ್ತಿಗೆ ಅಲ್ಲಿ ಹೋಗಿ ನಿಲ್ಲುತ್ತಿದ್ದರು. ಮಗನಿಗೆ ನಿದ್ದೆ ಬರುತ್ತಿಲ್ಲ ಎಂದು ಬಂದಿದ್ದ ಒಬ್ಬ ತಂದೆಯನ್ನು ಅಲ್ಲಿಯೇ ಮಾತಾಡಿಸಿ, ನಿದ್ದೆ ಬರದೇ ಇರುವುದು ತಂದೆಗೇ ಎಂದು ಕಂಡುಕೊಂಡು, ಒಳಗೆ ಕರೆತಂದದ್ದನ್ನು ನಾನೇ ನೋಡಿದ್ದೇನೆ. "ನನ್ನ ಓಪಿಡಿ ಟೀ ಅಂಗಡೀಲಿ ನಡೀತದೆ. ಬಾಡಿಗೆ ಕೇಳೋರಿಲ್ಲ" ಎಂದು ಹೇಳಿಕೊಳ್ಳುತ್ತಿದ್ದರು. ಬಾಗಿಲು ನೇರವಾಗಿ ತೆರೆದರೆ ಇವರು ಬರುತ್ತಾರೆ, ಇಲ್ಲದಿದ್ದರೆ ಇಲ್ಲ. ಅವರ ವಾದ ಅಷ್ಟೇ ಸರಳ.

ಅವರನ್ನು ಹಕ್ಕುಗಳ ಹುಚ್ಚು ಹಿಡಿದವರು ಎಂದು ತಿಳಿದವರಿದ್ದರು. ಅದು ತಪ್ಪು. ಒಮ್ಮೆ ಯಶವಂತಪುರದ ಒಂದು ಹೋಟೆಲಿನ ಹಾಲಿನಲ್ಲಿ ನಾವು ಸೈಕಾಲಜಿಸ್ಟುಗಳೆಲ್ಲ ಸೇರಿದ್ದೆವು. ಉತ್ಸಾಹಿಯೊಬ್ಬರು ಎದ್ದು, ಹೊರದೇಶಗಳಲ್ಲಿ ಕೆಲವು ಕಡೆ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಔಷಧಿಯನ್ನೂ ಬರೆಯುತ್ತಾರೆ, ನಾವೂ ಅದನ್ನೇ ಕೇಳಬೇಕು ಎಂದರು. ಜೋರು ಚಪ್ಪಾಳೆ. ನಾನೂ ತಟ್ಟಿದೆ. ಸರ್ ಎದ್ದರು. "ಕೇಳೋಣ, ಕಲಿತ್ರೆ ತಪ್ಪೇನಿಲ್ಲ. ಆದ್ರೆ ನಮ್ಮ ಕಣ್ಣಾರೆ ನೋಡಿದ ಮನುಷ್ಯನ ಬಗ್ಗೆ ನಾವೇ ಬರ್ದಿದ್ದಕ್ಕೆ ಇನ್ನೂ ನಮ್ಮ ಹೆಸರಿಲ್ಲ. ಮೊದ್ಲು ನಮಗೆ ಗೊತ್ತಿರೋ ಕೆಲಸಕ್ಕೆ ಜವಾಬ್ದಾರಿ ತಗೊಳ್ಳೋಣ. ಗೊತ್ತಿಲ್ದೇ ಇರೋದು ಆಮೇಲೆ" ಎಂದರು. ಅದಕ್ಕೆ ಚಪ್ಪಾಳೆ ಬೀಳಲಿಲ್ಲ. ಊಟದ ಸಾಲಿನಲ್ಲಿ ಒಬ್ಬರು, "ಮುದುಕ ತಣ್ಣೀರು ಎರಚಿದ ನೋಡ್ರಿ" ಎಂದದ್ದು ಅವರ ಕಿವಿಗೂ ಬಿತ್ತು. ಹಿಂತಿರುಗಿ, "ತಣ್ಣೀರಲ್ಲಪ್ಪ, ಉಗುರು ಬೆಚ್ಚಗಿತ್ತು" ಎಂದು ತಟ್ಟೆ ಮುಂದೆ ಚಾಚಿದರು.

ಅವರು ನಿವೃತ್ತರಾಗುವುದಕ್ಕೆ ವರ್ಷ ಚಿಲ್ಲರೆ ಇರುವಾಗ ಆಡಳಿತ ಮಂಡಳಿ ಒಪ್ಪಿತು. ಪೂರ್ತಿಯಲ್ಲ, ಪ್ರಯೋಗಕ್ಕೆ. ಒಂದು ವರ್ಷ ರೋಗಿಗಳು ಚೀಟಿ ಇಲ್ಲದೆ ನೇರವಾಗಿ ನಮ್ಮ ಬಳಿ ಬರಬಹುದು, ನಮ್ಮ ರಿಪೋರ್ಟಿಗೆ ನಮ್ಮ ಸಹಿಯೇ ಸಾಕು. ವರ್ಷದ ಕೊನೆಗೆ ಹೇಗೆ ನಡೆಯಿತು ಎಂದು ನೋಡಿ ಕಾಯಂ ಮಾಡುತ್ತೇವೆ ಎಂದರು. ಸರ್ ಸಂಜೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದರು, ಯಾವತ್ತೂ ಬೈ ಟು ಹೇಳುವವರು ಆ ದಿನ ಎಲ್ಲರಿಗೂ ಫುಲ್ ಹೇಳಿದರು. ಮುಂದಿನ ವಾರ ನಮ್ಮೊಬ್ಬೊಬ್ಬರ ಹೆಸರಿನ ರಬ್ಬರ್ ಸೀಲು ಮಾಡಿಸಿ ತಂದು ಮೇಜಿನ ಮೇಲಿಟ್ಟರು. ನನ್ನ ಹೆಸರು, ಓದು, ನೋಂದಣಿ ಸಂಖ್ಯೆ. ಒಂದು ಖಾಲಿ ಹಾಳೆಯ ಮೇಲೆ ಒತ್ತಿ ನೋಡಿ, ಮನೆಗೆ ಒಯ್ದು ಅಪ್ಪನಿಗೆ ತೋರಿಸಿದೆ.

ಅಪ್ಪ ಅದನ್ನು ಬಹಳ ಹೊತ್ತು ನೋಡಿದ. "ಇದನ್ನ ಒತ್ತಿದ್ಮೇಲೆ ಅದರಾಗೆ ಬರ್ದಿರೋದಕ್ಕೆಲ್ಲ ನೀನೇನಾ?" ಎಂದ.

"ಹೂಂ ಅಪ್ಪ."

"ಇನ್ಯಾರೂ ಆಕಂಗಿಲ್ವಾ?"

"ಇಲ್ಲ."

"ನೋಡ್ಕಂಡ್ ಆಕು, ಮಗ" ಎಂದು ಸೀಲನ್ನು ಹಿಂದಕ್ಕೆ ಕೊಟ್ಟ.

ನಮ್ಮ ಮನೆಯಲ್ಲಿ ಸಹಿ ಎಂದರೆ ಏನು ಎಂದು ಹೇಳಬೇಕು. ಅಪ್ಪನಿಗೆ ಸಹಿ ಹಾಕಲು ಬರುತ್ತಿತ್ತು, ಹೆಬ್ಬೆಟ್ಟಲ್ಲ. ಅದೇ ಅವನ ಹೆಮ್ಮೆ. ಲೇಔಟು ಬಂದಾಗ ಅರ್ಧ ಹೊಲ ಕೊಡುವ ಮಾತಾಗಿತ್ತು. ಕಾಗದ ಇಂಗ್ಲಿಷಿನಲ್ಲಿತ್ತು. ಅಪ್ಪ ಚೆಂದವಾಗಿ ಸಹಿ ಹಾಕಿದ. ಹೊಲ ಪೂರ್ತಿ ಹೋಯಿತು. ಅಲ್ಲಿಂದೀಚೆಗೆ ನಮ್ಮ ಮನೆಗೆ ಯಾವ ಕಾಗದ ಬಂದರೂ, ಗ್ಯಾಸಿನ ರಸೀದಿಯಾದರೂ, ಅಮ್ಮ ಹೇಳುವುದು ಒಂದೇ: "ಮೊದ್ಲು ಇನ್ನೊಬ್ರು ಆಕ್ಲಿ." ನಾನು ಆ ಮಾತು ಕೇಳುತ್ತಲೇ ಬೆಳೆದೆ. ಇದನ್ನು ನೆಪವಾಗಿ ಹೇಳುತ್ತಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದವರಲ್ಲಿ ವಕೀಲರ ಮಗಳಿದ್ದಳು, ಪ್ರೊಫೆಸರ ಮಗನಿದ್ದ. ಅವರೂ ನನ್ನ ಹಾಗೆಯೇ ನಡೆದುಕೊಂಡರು.

ನಡೆದದ್ದು ಹೀಗೆ. ಹೊಸ ನಮೂನೆ ಕಂಪ್ಯೂಟರಿಗೆ ಬಂತು, ಹಳೆಯದನ್ನು ಯಾರೂ ಅಳಿಸಲಿಲ್ಲ. ಮಕ್ಕಳ ಓದಿನ ತೊಂದರೆಯಂಥ ಸಣ್ಣ ರಿಪೋರ್ಟುಗಳಿಗೆ ಹೊಸ ನಮೂನೆಯಲ್ಲಿ ನಮ್ಮ ಸಹಿ, ಸೀಲು. ಸ್ವಲ್ಪ ದೊಡ್ಡದು ಎಂದು ಕಂಡರೆ, ಕೋರ್ಟು, ಪೊಲೀಸು, ಆಸ್ತಿ ಎಂಬ ಮಾತು ಬಂದರೆ, ಹಳೆಯ ನಮೂನೆಯಲ್ಲಿ ಅಚ್ಚು ಹಾಕಿ ಡಾಕ್ಟರ ಟ್ರೇಯಲ್ಲಿ ಇಟ್ಟು ಬರುತ್ತಿದ್ದೆವು. ಅವರು ಸಂಜೆ ಎಲ್ಲಕ್ಕೂ ಸಹಿ ಹಾಕಿ ಕಳಿಸುತ್ತಿದ್ದರು. ಯಾರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಒಂದು ದಿನ ಟ್ರೇ ಹತ್ತಿರ ವಕೀಲರ ಮಗಳು ಎದುರಾದಳು, ಅವಳ ಕೈಯಲ್ಲೂ ಹಾಳೆ, ನನ್ನ ಕೈಯಲ್ಲೂ ಹಾಳೆ. "ಸೇಫ್ಟಿಗೆ ಕಣೇ" ಎಂದಳು. ನಾನೂ "ಹೂಂ, ಸೇಫ್ಟಿಗೆ" ಎಂದೆ. ಸರ್ ತಮ್ಮ ಕೋಣೆಯಲ್ಲಿ ಹೊಸದಾಗಿ ನೇರವಾಗಿ ಬರುತ್ತಿದ್ದ ಜನರ ನಡುವೆ ಮುಳುಗಿಹೋಗಿದ್ದರು. ಅವರಿಗೆ ತಿಳಿಯಲಿಲ್ಲ.

ಆಗ ಪುಟ್ಟೇನಹಳ್ಳಿಯ ಅಜ್ಜಿ ಬಂದರು. ಮಗಳು ಕೈ ಹಿಡಿದು ಕರೆತಂದಿದ್ದಳು. ಅಜ್ಜಿಯ ಹೆಸರಿನಲ್ಲಿ ಒಂದು ಜಾಗವಿತ್ತು, ಹಳೆಯ ಮನೆ, ಹಿಂದೆ ಹಸು ಕಟ್ಟುವ ಕೊಟ್ಟಿಗೆ. ಗಂಡುಮಕ್ಕಳಿಗೆ ಅದನ್ನು ಮಾರಿ ಅಪಾರ್ಟ್‌ಮೆಂಟು ಕಟ್ಟಿಸಬೇಕು. ಅಜ್ಜಿ ಒಪ್ಪಲಿಲ್ಲ. ತಾಯಿಗೆ ಬುದ್ಧಿ ಸ್ವಾಧೀನವಿಲ್ಲ, ಅವಳ ಪರವಾಗಿ ನಾವೇ ತೀರ್ಮಾನಿಸಲು ಬಿಡಿ ಎಂದು ಅವರು ಕೋರ್ಟಿಗೆ ಹೋಗಿದ್ದರು. ಅಮ್ಮ ಸರಿಯಾಗಿದ್ದಾಳೆ ಎಂದು ತೋರಿಸಲು ಮಗಳಿಗೆ ರಿಪೋರ್ಟು ಬೇಕಿತ್ತು. ಸರ್ ಈ ಕೇಸನ್ನು ನನಗೆ ಕೊಟ್ಟರು. "ನಿಮ್ಮ ಕಡೆ ಮಾತು, ನಿನಗೆ ಚೆನ್ನಾಗಿ ತಿಳಿಯುತ್ತೆ. ನಿಧಾನಕ್ಕೆ ಮಾಡು" ಎಂದರು.

ಎರಡು ದಿನ ಬೆಳಗ್ಗೆ ಅಜ್ಜಿಯ ಜೊತೆ ಕೂತೆ. ಕಿವಿ ಮಂದ, ಅಷ್ಟೇ. ಇದು ಯಾವ ಜಾಗ ಗೊತ್ತಾ ಎಂದು ಕೇಳಿದೆ.

"ಗೊತ್ತಿಲ್ದೆ ಬಂದಿದೀನಾ? ಆಸ್ಪತ್ರೆ. ಮುಂಚೆ ಉಣಸೆ ತೋಪಿತ್ತು ಇಲ್ಲಿ. ನೀನ್ ಉಟ್ಟಿರ್ಲಿಲ್ಲ ಬುಡು."

ಕೆಲವು ಪದಗಳನ್ನು ಹೇಳಿ, ಬೇರೆ ಮಾತಾಡಿ, ಆಮೇಲೆ ಆ ಪದಗಳನ್ನು ನೆನಪಿಸಿಕೊಳ್ಳಲು ಹೇಳಿದೆ. ಎಲ್ಲವನ್ನೂ ಒಂದೊಂದಾಗಿ ಹೇಳಿ, "ಸರಿಯಾ? ನಿನಗೇ ಮರ್ತೋಗಿದ್ರೆ ಏಳು, ಇನ್ನೊಂದ್ ಕಿತ ಏಳ್ತೀನಿ" ಎಂದು ನಕ್ಕರು.

"ಜಾಗ ಯಾಕೆ ಕೊಡಲ್ಲ ಅಂತೀರಾ ಅಜ್ಜಿ?"

"ಕೊಡಲ್ಲ ಅಂದ್ನಾ? ನಾನು ಸತ್ಮೇಲೆ ಅವರದೇ. ಇರೋಗಂಟ ನಾ ಉಟ್ಸಿದ ಮಕ್ಕಳ ಮನೇಗೆ ಬಾಡಿಗೆಯೋಳ್ ತರ ಓಗಿ ಕೂತ್ಕಳಲ್ಲ ಅಂದೆ. ಇದು ಬುದ್ಧಿ ಇಲ್ದೋರ ಮಾತಾ, ನೀನೇ ಏಳವ್ವ."

ಬುದ್ಧಿ ಇಲ್ಲದವರ ಮಾತಲ್ಲ. ರಿಪೋರ್ಟಿನಲ್ಲಿ ಅದನ್ನೇ ನಮ್ಮ ಭಾಷೆಯಲ್ಲಿ ಬರೆದೆ. ಸ್ಪಷ್ಟವಾಗಿ ಬರೆದೆ. ನಾನು ಬರೆದ ಒಳ್ಳೆಯ ರಿಪೋರ್ಟುಗಳಲ್ಲಿ ಅದೂ ಒಂದು ಎಂದು ಈಗಲೂ ಹೇಳುತ್ತೇನೆ. ಅಜ್ಜಿಗೆ ಓದಿಯೂ ಹೇಳಿದೆ. ಆಮೇಲೆ, ಅವರು ಹೋದ ಮೇಲೆ, ಹಳೆಯ ನಮೂನೆಯಲ್ಲಿ ಅಚ್ಚು ಹಾಕಿದೆ. ಅಂಚಿನಲ್ಲಿ ಸರ್ ಬರೆಯುತ್ತಿದ್ದ ಹಾಗೆ ನನ್ನ ಹೆಸರನ್ನೂ ಬರೆಯಲಿಲ್ಲ. ಡಾಕ್ಟರ ಟ್ರೇಯಲ್ಲಿಟ್ಟೆ. ಸಂಜೆ ಸಹಿಯಾಗಿ ಬಂತು. ಕೋರ್ಟಿನ ವಿಷಯ, ದೊಡ್ಡವರ ಸಹಿ ಇದ್ದರೆ ಅಜ್ಜಿಗೇ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡೆ.

ಗಂಡುಮಕ್ಕಳ ಪರ ವಕೀಲರು ಡಾಕ್ಟರನ್ನು ಕೋರ್ಟಿಗೆ ಕರೆಸಿದರು. ನೀವು ಈ ಹೆಂಗಸನ್ನು ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿದರು. ಡಾಕ್ಟರು ಸುಳ್ಳು ಹೇಳುವವರಲ್ಲ. ಇಲ್ಲ ಎಂದರು. ನೋಡಿದ್ದೀರಾ? ಇಲ್ಲ. ಮತ್ತೆ ನೋಡಿದವರು ಯಾರು? ಆ ಹಾಳೆಯಲ್ಲಿ ನನ್ನ ಹೆಸರು ಎಲ್ಲೂ ಇರಲಿಲ್ಲ. ಸಹಿ ಹಾಕಿದವರು ಅಜ್ಜಿಯನ್ನು ನೋಡಿರಲಿಲ್ಲ, ನೋಡಿದವಳು ಸಹಿ ಹಾಕಿರಲಿಲ್ಲ. ಆ ರಿಪೋರ್ಟು ಅಲ್ಲಿ ನಿಲ್ಲಲಿಲ್ಲ. ಬೇರೆ ಆಸ್ಪತ್ರೆಯಲ್ಲಿ ಹೊಸದಾಗಿ ಪರೀಕ್ಷೆ ಮಾಡಿಸಿ ಎಂದಾಯಿತು.

ಸುದ್ದಿ ಸರ್ ಅವರಿಗೆ ತಲುಪಿದ್ದು ಡಾಕ್ಟರಿಂದ. ಅವರು ನನ್ನನ್ನು ಕೋಣೆಗೆ ಕರೆಯಲಿಲ್ಲ, ತಾವೇ ನನ್ನ ಮೇಜಿನ ಹತ್ತಿರ ಬಂದು ರೋಗಿಗಳು ಕೂರುವ ಕುರ್ಚಿಯಲ್ಲಿ ಕೂತರು.

"ಅಜ್ಜಿ ಸರಿಯಾಗಿದಾರೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್."

"ಅನುಮಾನ ಏನಾದ್ರೂ?"

"ಇರ್ಲಿಲ್ಲ ಸರ್."

"ಮತ್ತೆ ಡಾಕ್ಟ್ರ ಹತ್ರ ಏನ್ ಕೇಳೋಕೆ ಹೋಗಿದ್ಯಮ್ಮ?"

ಬೈದಿದ್ದರೆ ಚೆನ್ನಾಗಿತ್ತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ರೋಗಿಗಳನ್ನು ಕೇಳುವ ಹಾಗೆ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ಎದ್ದು, "ಬಾ, ಪುಟ್ಟೇನಹಳ್ಳಿಗೆ ಹೋಗಿ ಬರೋಣ" ಎಂದರು.

ಕೆರೆಯ ಏರಿಯ ಪಕ್ಕದ ರಸ್ತೆಯಲ್ಲಿ ಆ ಮನೆ. ಅಜ್ಜಿ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಸರ್ ಕೆಳಗೆ ಕೂತು, ತಪ್ಪು ನಮ್ಮದು ಎಂದರು. ನನ್ನದು ಎನ್ನಲಿಲ್ಲ, ನಮ್ಮದು ಎಂದರು. ಬೇರೆ ಆಸ್ಪತ್ರೆಗೆ ತಾವೇ ಜೊತೆಗೆ ಬರುವುದಾಗಿ, ಇನ್ನೊಂದು ಸಲ ಪರೀಕ್ಷೆಗೆ ಬರಬೇಕೆಂದು ಕೇಳಿಕೊಂಡರು. ಅಜ್ಜಿ ಅವರ ಮುಖ ನೋಡಲಿಲ್ಲ, ನನ್ನನ್ನು ನೋಡಿದರು.

"ಎಲ್ಡು ದಿನ ಕುಂಡ್ರಿಸ್ಕಂಡು ಕೇಳ್ದಲ್ಲವ್ವ. ನಿನಗೆ ತಿಳೀಲಿಲ್ವಾ ನಂಗ್ ಬುದ್ಧಿ ಐತೆ ಅಂತ?"

"ತಿಳೀತು ಅಜ್ಜಿ."

"ತಿಳಿದ್ಮೇಲೆ ಏಳಕ್ಕೇನಾಗಿತ್ತು?"

ಸರ್ ತಲೆ ತಗ್ಗಿಸಿ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದರು. ನಾನೂ ಸುಲಿದೆ. ಅಜ್ಜಿ ಮತ್ತೆ ಪರೀಕ್ಷೆಗೆ ಬರಲಿಲ್ಲ. ಎಲ್ಲರ ಮುಂದೆ ಬುದ್ಧಿ ಐತೆ ಐತೆ ಅಂತ ತೋರಿಸಿಕೊಂಡು ತಿರುಗುವುದಿಲ್ಲ, ಮಕ್ಕಳು ಏನಾದರೂ ಮಾಡಿಕೊಳ್ಳಲಿ ಎಂದು ಒಪ್ಪಿಗೆ ಕೊಟ್ಟುಬಿಟ್ಟರು ಎಂದು ಮಗಳು ಆಮೇಲೆ ಹೇಳಿದಳು. ಹೇಳುವಾಗ ಅವಳೂ ನನ್ನನ್ನು ಬೈಯಲಿಲ್ಲ. ಈಗ ಅಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ.

ವರ್ಷದ ಕೊನೆಯ ಮೀಟಿಂಗಿನಲ್ಲಿ ಆಡಳಿತಾಧಿಕಾರಿ ಫೈಲು ತೆರೆದು ಹೆಚ್ಚು ಮಾತಾಡಲಿಲ್ಲ. "ಸಾರ್, ನಿಮ್ಮವರಿಗೇ ಬೇಡವಾಗಿದೆ. ಮುಖ್ಯವಾದ ಕೇಸೆಲ್ಲ ಡಾಕ್ಟ್ರ ಸೈನಲ್ಲೇ ಹೋಗಿವೆ. ಬೇಡ ಅನ್ನೋರಿಗೆ ನಾವ್ಯಾಕೆ ಬಲವಂತ ಮಾಡೋಣ ಹೇಳಿ" ಎಂದರು. ಪ್ರಯೋಗ ನಿಂತಿತು. ನೇರ ಬಾಗಿಲೂ ಅದರ ಜೊತೆಗೇ ಮುಚ್ಚಿತು. ನಿಂತದ್ದು ನಮ್ಮ ಸಹಿ ಮಾತ್ರವಲ್ಲ ಎಂದು ಆಗ ಹೊಳೆಯಿತು. ಮಾರನೆಯ ವಾರದಿಂದ ಜನ ಮತ್ತೆ ಟೀ ಅಂಗಡಿಯಿಂದಲೇ ಹಿಂತಿರುಗತೊಡಗಿದರು.

ಸರ್ ಆ ಮೀಟಿಂಗಿನಲ್ಲಿ ಎದ್ದು ನಿಂತರು. ನಮ್ಮ ಕಡೆ ಕೈ ತೋರಿಸಲಿಲ್ಲ. "ಇವರಿಗೆ ಸಹಿ ಕೊಡಿಸೋಕೆ ಓಡಾಡಿದೆ. ಸಹಿ ಹಾಕೋದನ್ನ ಕಲಿಸೋಕೆ ಮರೆತೆ. ಅದು ನನ್ನ ಕೊರತೆ. ಇನ್ನೊಂದು ವರ್ಷ ಕೊಡಿ" ಎಂದರು. ಕೊಡಲಿಲ್ಲ. ಅಷ್ಟರಲ್ಲಿ ಅವರ ನಿವೃತ್ತಿ ಬಂತು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿದವಳು ನಾನೇ. ಹೊದಿಸುವಾಗ ಅವರು ಮೆಲ್ಲಗೆ, "ಅಂಚಲ್ಲಾದ್ರೂ ಹೆಸರು ಬರಿಯಮ್ಮ" ಎಂದರು. ಪಕ್ಕದಲ್ಲಿದ್ದವರು ಆಶೀರ್ವಾದ ಮಾಡಿದರು ಎಂದುಕೊಂಡರು.

ಸಂತಾಪ ಸಭೆಯಲ್ಲಿ ನನ್ನ ನಂತರ ಮಾತಾಡಿದವರು ಡಾಕ್ಟರು. ಅವರಿಗೂ ಈಗ ವಯಸ್ಸಾಗಿದೆ. ಕಾಗದ ಇರಲಿಲ್ಲ, ನೆನಪಾದ ಹಾಗೆ ಮಾತಾಡಿದರು.

"ನಿಮಗೆಲ್ಲ ಒಂದು ವಿಷಯ ಗೊತ್ತಿಲ್ಲ. ಆ ಮನುಷ್ಯ ತಮ್ಮ ರಿಪೋರ್ಟನ್ನ ಯಾವತ್ತೂ ಟ್ರೇನಲ್ಲಿ ಇಡ್ಲಿಲ್ಲ. ಕೈಯಲ್ಲೇ ತರೋರು. ನಾನು ಪೆನ್ ತೆಗೆದ್ರೆ, ಮೊದ್ಲು ಓದಿ ಸಾರ್, ಕಾಯ್ತೀನಿ ಅನ್ನೋರು. ಟೈಮ್ ಇಲ್ಲ ಅಂದ್ರೆ, ನನಗಿದೆ ಅಂತ ಕೂತುಬಿಡೋರು. ಎಷ್ಟು ಸಿಟ್ಟು ಬರ್ತಿತ್ತು ಅಂತೀರಾ. ಓದದೇ ಸೈ ಹಾಕಿದ್ರೆ ಹಾಳೆ ವಾಪಸ್ ತಗೊಂಡು ಹೋಗಿ, ಇನ್ನೊಂದು ಅಚ್ಚು ಹಾಕ್ಕೊಂಡು ಬರೋರು. ನನ್ನ ಸರ್ವಿಸ್‌ನಲ್ಲಿ ನಾನು ಪೂರ್ತಿ ಓದಿ ಸೈ ಹಾಕಿದ ಸೈಕಾಲಜಿ ರಿಪೋರ್ಟು ಅಂದ್ರೆ ಅವರವು ಮಾತ್ರ."

ಜನ ನಕ್ಕರು. ಪ್ರೀತಿಯಿಂದಲೇ ನಕ್ಕರು. ವಕೀಲರ ಮಗಳು ನನ್ನ ಪಕ್ಕದಲ್ಲಿ ಕೂತಿದ್ದಳು, ಅವಳೂ ನಕ್ಕಳು, ಆಮೇಲೆ ಅರ್ಥವಾದವಳಂತೆ ನಿಲ್ಲಿಸಿದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಷ್ಟು ವರ್ಷ ನಾವು ಸೇಫ್ಟಿ ಎಂದುಕೊಂಡು ಟ್ರೇಯಲ್ಲಿಟ್ಟ ಹಾಳೆಗಳನ್ನೆಲ್ಲ ಯಾರೂ ಓದಿರಲಿಲ್ಲ.

ಸಭೆ ಮುಗಿದು ಜನ ಎದ್ದರು. ಹೊರಗೆ ಕಾಫಿ ಕೊಡುತ್ತಿದ್ದರು. ಡಾಕ್ಟರು ನನ್ನ ಹತ್ತಿರ ಬಂದು, ಚೆನ್ನಾಗಿ ಮಾತಾಡಿದಿರಿ ಎಂದರು. ಆಮೇಲೆ ಏನೋ ನೆನಪಾದವರಂತೆ ಹಿಂತಿರುಗಿ, "ಮೇಡಂ, ನಾಳೆ ರಿಪೋರ್ಟ್ಸ್ ಇದ್ರೆ ಬೆಳಗ್ಗೆನೇ ಟ್ರೇಗೆ ಕಳಿಸಿಬಿಡಿ. ಮಧ್ಯಾಹ್ನ ನಾನಿರಲ್ಲ, ಸೈ ಹಾಕಿಟ್ಟು ಹೋಗ್ತೀನಿ" ಎಂದರು.

ನಾನೇ ತರುತ್ತೇನೆ, ನೀವು ಓದುವ ತನಕ ಕಾಯುತ್ತೇನೆ ಎನ್ನಲು ಹೊರಟಿದ್ದೆ. ಅವರ ಕೈಯಲ್ಲಿ ಕಾಫಿ ಲೋಟವಿತ್ತು, ಹಿಂದೆ ಇನ್ನಿಬ್ಬರು ಅವರನ್ನು ಮಾತಾಡಿಸಲು ನಿಂತಿದ್ದರು.

"ಕಳಿಸ್ತೀನಿ ಸರ್" ಎಂದೆ.